ಬೆಂಕಿ ತಾಗದ ಕೈ

ನಮ್ಮ ಕಡೆ ಹೊಸ ಸೊಸೆಯ ಪರೀಕ್ಷೆ ನಡೆಯುವುದು ಹಂಚಿನ ಮುಂದೆ. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬಟ್ಟೆ ಹಿಡಿದು ತಿರುವಿದರೆ ಇನ್ನೂ ಹುಡುಗಿ, ಬರಿಗೈಯಲ್ಲಿ ತಿರುವಿದರೆ ಮನೆಯಾಕೆ. ಕೊಟ್ಟೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಬೆರಳು ಸುಟ್ಟುಕೊಂಡು ಕಿವಿ ಹಿಡಿದುಕೊಳ್ಳುತ್ತಿದ್ದೆ. ಅತ್ತೆ ಹಾಲಮ್ಮ ಕೂತಲ್ಲಿಂದಲೇ, "ಸುಡ್ತತಿ ಅಂತ ರೊಟ್ಟಿ ಬಿಟ್ರ ಉಣ್ಣೋದೇನವ್ವ?" ಎನ್ನುತ್ತಿದ್ದರು. ಬರಬರುತ್ತ ಬೆರಳು ಬಲಿತವು. ನಲವತ್ತು ದಾಟುವ ಹೊತ್ತಿಗೆ ಹಂಚಿನ ಅಂಚನ್ನೇ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದೆ. ಅತ್ತೆ ಅದನ್ನು ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದರು.

ನನ್ನ ಹೆಸರು ಕೊಟ್ರಮ್ಮ. ನಮ್ಮೂರಲ್ಲಿ ಕಲ್ಲು ಎಸೆದರೆ ಒಬ್ಬ ಕೊಟ್ರೇಶನಿಗೋ ಕೊಟ್ರಮ್ಮನಿಗೋ ಬೀಳುತ್ತದೆ, ಆದ್ದರಿಂದ ನನ್ನನ್ನು 'ರೊಟ್ಟಿ ಕೊಟ್ರಮ್ಮ' ಎನ್ನುತ್ತಾರೆ. ಮನೆಯ ಹಿತ್ತಲಲ್ಲಿ ಒಲೆ ಹಾಕಿಕೊಂಡು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಮಾಡಿಕೊಡುತ್ತೇನೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ, ಬರೆಯಬಾರದೆಂದು ಯಾರೂ ಹೇಳಿಲ್ಲ: ಬಸವರಾಜ. ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಕೂಡ್ಲಿಗಿ, ಹರಪನಹಳ್ಳಿ, ಕಾನಹೊಸಹಳ್ಳಿ ಕಡೆ ರೊಟ್ಟಿ ತಲುಪಿಸುವುದು ಅವರ ಕೆಲಸ. ಮಗಳು ಚೈತ್ರಾ ಪಿಯುಸಿ ಓದುತ್ತಾಳೆ. ಈಗ ಹೇಳಹೊರಟಿರುವುದು ನನ್ನ ಬಲಗೈಯ ಕಥೆ.

ಅತ್ತೆ ಉಚ್ಚಂಗೆಮ್ಮನ ಭಕ್ತೆ. ಮಂಗಳವಾರ ಮನೆಯಲ್ಲಿ ಪೂಜೆ ತಪ್ಪುವುದಿಲ್ಲ. ಒಂದು ಮಂಗಳವಾರ ನಾನು ಆರತಿ ಎತ್ತುವಾಗ ತಟ್ಟೆ ವಾಲಿ, ಉರಿಯುವ ಕರ್ಪೂರ ನನ್ನ ಅಂಗೈಗೆ, ಕಿರುಬೆರಳಿನ ಬುಡಕ್ಕೆ ಬಿತ್ತು. ನಾನು ಹಾಡು ಹೇಳುತ್ತಲೇ ಇದ್ದೆ. ಅತ್ತೆ ನನ್ನ ಕೈ ನೋಡಿದರು, ಮುಖ ನೋಡಿದರು, ಮತ್ತೆ ಕೈ ನೋಡಿದರು. ಕರ್ಪೂರ ಉರಿದು ಮುಗಿಯಿತು. ಅವರು ನನ್ನ ಕಾಲು ಮುಟ್ಟಲು ಬಗ್ಗಿದಾಗ ನನಗೆ ಏನಾಯಿತೆಂದೇ ತಿಳಿಯಲಿಲ್ಲ.

"ಅಮ್ಮ ಒಲಿದಾಳವ್ವ ನಿನಗ," ಎಂದರು.

ಮುಂದಿನ ವಾರ ಓಣಿಯ ನಾಲ್ಕು ಜನ ಹೆಂಗಸರು ಬಂದರು, ಅದರ ಮುಂದಿನ ವಾರ ಹತ್ತು. ನಾನು ಅಂಗೈಯಲ್ಲಿ ಕರ್ಪೂರ ಹಚ್ಚಿಕೊಂಡು ಆರತಿ ಬೆಳಗುತ್ತಿದ್ದೆ. ಬೊಬ್ಬೆ ಎದ್ದರೆ ಅತ್ತೆ ವಿಭೂತಿ ಹಚ್ಚಿ, ಅದು ಅಮ್ಮನ ಗುರುತು ಎನ್ನುತ್ತಿದ್ದರು. ಜ್ವರ ಬಂದ ಕೂಸುಗಳ ತಲೆ ಮೇಲೆ ಕೈ ಇಡಿಸಲು ಕರೆತರುತ್ತಿದ್ದರು. ಇಲ್ಲಿ ಸುಳ್ಳು ಹೇಳಿದರೆ ಬರೆದೂ ದಂಡ: ನನಗೆ ಅದು ಇಷ್ಟವಾಗುತ್ತಿತ್ತು. ಹಿಟ್ಟು ನಾದುವುದು, ಬಡಿಯುವುದು, ಪಾತ್ರೆ ತಿಕ್ಕುವುದು ಬಿಟ್ಟರೆ ಬೇರೆ ಸುದ್ದಿಯಿಲ್ಲದ ಹೆಂಗಸು ನಾನು. ಮಂಗಳವಾರ ಒಂದು ತಾಸು ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಆ ವರ್ಷವೇ ನಮ್ಮ ಮಹಿಳಾ ಸಂಘಕ್ಕೆ ತರಬೇತಿ ಕೊಡಲು ಒಬ್ಬರು ಮೇಡಂ ಬಂದರು. ವ್ಯಕ್ತಿತ್ವ ವಿಕಸನವಂತೆ. ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ ಮಾಡುವ ನಾವು ಇಪ್ಪತ್ತು ಜನ ಜಮಖಾನೆ ಮೇಲೆ ಕೂತಿದ್ದೆವು. "ನಿಮ್ಮೊಳಗೆ ಒಂದು ಶಕ್ತಿ ಇದೆ. ಮೊದಲು ನಿಮ್ಮನ್ನು ನೀವು ಅರಿತುಕೊಳ್ಳಿ, ಆಮೇಲೆ ಇರುವ ಹಾಗೆ ಒಪ್ಪಿಕೊಳ್ಳಿ, ಆಗ ಅದು ತಾನೇ ಹೊರಗೆ ಬರುತ್ತೆ," ಎಂದರು. ನನ್ನ ಪಕ್ಕದಾಕೆ, "ನಾ ಹೊರಗ ಬಂದು ಬಾಳ ಹೊತ್ತಾತು, ಎಮ್ಮಿ ಹಿಂಡಬೇಕು," ಎಂದು ಗೊಣಗಿದಳು. ಮೇಡಂ ಕಣ್ಣು ಮುಚ್ಚಿಸಿ, ಅಂಗೈ ಎರಡನ್ನೂ ಜೋರಾಗಿ ಉಜ್ಜಿಸಿ, ಮುಖದ ಮೇಲೆ ಇಟ್ಟುಕೊಳ್ಳಲು ಹೇಳಿದರು. "ಬಿಸಿ ಬಂತಾ? ಅದು ನೀವು," ಎಂದರು.

ಎಡಗೈಯ ಬಿಸಿ ಕೆನ್ನೆಗೆ ಬಂತು. ಬಲಗೈಯ ಬಿಸಿಯೂ ಕೆನ್ನೆಗೆ ಬಂತು. ಆದರೆ ಕೆನ್ನೆಗೆ ಗೊತ್ತಾದದ್ದು ಕೈಗೆ ಗೊತ್ತಾಗಲಿಲ್ಲ. ಬಲಗೈಯ ಕಿರುಬೆರಳು, ಉಂಗುರದ ಬೆರಳು, ಅಲ್ಲಿಂದ ಮಣಿಕಟ್ಟಿನವರೆಗಿನ ಅರ್ಧ ಅಂಗೈಗೆ ಕೆನ್ನೆ ಇದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಬೇರೆ ಯಾರದೋ ಕೈ ನನ್ನ ಮುಖದ ಮೇಲೆ ಇದ್ದ ಹಾಗಿತ್ತು. "ನಿಮಗೆ ಬಂತಾ?" ಎಂದು ಮೇಡಂ ಕೇಳಿದರು. "ಬಂತ್ರಿ," ಎಂದೆ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳುವುದೇನು? ಬೆಂಕಿ ತಾಗದ ಕೈಗೆ ಬಿಸಿ ತಾಗಲಿಲ್ಲ ಎಂದರೆ ಅತ್ತೆ ಇನ್ನೊಂದು ಕಾಯಿ ಒಡೆಸುತ್ತಿದ್ದರು. ಆದರೆ ಅಂದಿನಿಂದ ಒಳಗೊಳಗೇ ಪರೀಕ್ಷೆ ಶುರುವಾಯಿತು. ಕಿರುಬೆರಳಿಗೆ ಪಿನ್ನು ಚುಚ್ಚಿ ನೋಡಿದೆ, ರಕ್ತ ಬಂತು, ನೋವು ಬರಲಿಲ್ಲ. ಮೊಣಕೈ ಹತ್ತಿರ ಅಂಗೈಯಗಲ ಚರ್ಮ ಮಾಸಿತ್ತು. ಬಿಸಿಲಿಗೆ ಆಗಿರಬೇಕು ಎಂದುಕೊಂಡಿದ್ದೆ. ಒಂದು ದಿನ ರೊಟ್ಟಿ ಬೇಯಿಸುವಾಗ ಏನೋ ಸೀದ ವಾಸನೆ ಬಂತು. ಚೈತ್ರಾ ಓಡಿ ಬಂದು ನನ್ನ ಕೈಯನ್ನು ಹಂಚಿನಿಂದ ಎಳೆದಳು. ಸೀದದ್ದು ರೊಟ್ಟಿಯಲ್ಲ.

ರೋಗವನ್ನು ಹಿಡಿದುಕೊಟ್ಟವರು ಅತ್ತೆಯೇ. ಆಶಾ ಕಾರ್ಯಕರ್ತೆ ರೇಣುಕಾ ಮನೆಮನೆ ತಿರುಗುತ್ತ, ಮೈಮೇಲೆ ಮಚ್ಚೆ ಏನಾದರೂ ಇವೆಯೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ಅತ್ತೆ ಆಕೆಗೆ ನೀರು ಕೊಟ್ಟು, "ಮಚ್ಚಿ ಗಿಚ್ಚಿ ಬಿಡವ್ವ, ನಮ್ಮ ಸೊಸೀ ಕೈ ನೋಡು. ಕರ್ಪೂರ ಉರದ್ರೂ ಸುಡಂಗಿಲ್ಲ," ಎಂದು ನನ್ನ ಕೈ ಹಿಡಿದು ಮುಂದೆ ಚಾಚಿದರು. ರೇಣುಕಾ ಗ್ಲಾಸು ಕೆಳಗಿಟ್ಟಳು. ನನ್ನ ತೋಳಿನ ಸೆರಗು ಸರಿಸಿ ಮಚ್ಚೆ ನೋಡಿದಳು. ಆಮೇಲೆ ಕಿವಿ ಮೇಲಿದ್ದ ಪೆನ್ನು ತೆಗೆದಳು.

"ಕಣ್ಣು ಮುಚ್ಚಕ್ಕ. ಮುಟ್ಟಿದಾಗ ಹ್ಞೂಂ ಅನ್ನು."

ಮುಚ್ಚಿದೆ. ಬೀದಿಯಲ್ಲಿ ಯಾರದೋ ಟ್ರ್ಯಾಕ್ಟರ್ ಹೋಯಿತು. ಒಲೆ ಮೇಲೆ ಹಂಚು ಕಾಯುತ್ತಿತ್ತು. "ಶುರು ಮಾಡವ್ವ, ನಂಗ ಕೆಲಸ ಐತಿ," ಎಂದೆ.

"ನಾಕು ಸಲ ಮುಟ್ಟೀನಕ್ಕ," ಎಂದಳು.

ಕಣ್ಣು ತೆರೆದರೆ ಅಂಗೈಯ ಅಂಚಿನಲ್ಲಿ ನೀಲಿ ಚುಕ್ಕೆ ನಾಲ್ಕಿದ್ದವು. ಅತ್ತೆ, "ಹೇಳ್ಲಿಲ್ಲೇನು ನಾನು?" ಎಂದು ಖುಷಿಯಿಂದ ರೇಣುಕಾಳ ಮುಖ ನೋಡಿದರು.

ಕೊಟ್ಟೂರಿನಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು ನಾನು ಎಚ್.ಬಿ. ಹಳ್ಳಿಯ ಬಸ್ಸು ಹತ್ತಿದೆ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಸೆರಗನ್ನು ಕೈ ತುಂಬ ಸುತ್ತಿಕೊಂಡಿದ್ದೆ. ಪಕ್ಕದಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡ ಒಬ್ಬ ಮುದುಕ ಕೂತಿದ್ದ. ಕೂಡ್ಲಿಗಿ ಕಡೆಯ ಕುರಿಗಾರ, ಹೆಸರು ಬೀರಪ್ಪ. ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಹಾಕಿದ್ದ. ಎರಡು ಬೆರಳು ಇರಲಿಲ್ಲ.

ಒಳಗೆ ಹೋದಾಗ ಡಾಕ್ಟರು ಮೊಣಕೈ ಹಿಂದೆ ಒತ್ತಿ ನೋಡಿದರು, ಬೆರಳು ಅಗಲಿಸಲು ಹೇಳಿದರು. ಚಿಕ್ಕ ವಯಸ್ಸಿನವರು, ಹಡಗಲಿ ಕಡೆಯವರಂತೆ. "ಇದು ಕುಷ್ಠ ಅಮ್ಮ. ಹೆದರಬೇಡಿ, ಗುಣ ಆಗುತ್ತೆ. ಒಂದು ವರ್ಷ ಮಾತ್ರೆ ತಪ್ಪಿಸಬಾರದು. ಆದರೆ ಹೋದ ಸ್ಪರ್ಶ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ," ಎಂದರು. ನಾನು ತಲೆಯಾಡಿಸಿದೆ. ಅವರ ಮೇಜಿನ ಮೇಲೆ ಊಟದ ಡಬ್ಬಿ ಇತ್ತು, ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅದನ್ನು ಒತ್ತಿ ಮುಚ್ಚಬೇಕು ಅನ್ನಿಸಿತು. ಅಳು ಬರಲಿಲ್ಲ, ಹೆದರಿಕೆಯೂ ಬರಲಿಲ್ಲ. ಇಂಥ ಸುದ್ದಿ ಕೇಳಿ ಎದೆ ಒಡೆಯಿತು, ಭೂಮಿ ಬಾಯಿಬಿಟ್ಟಿತು ಎಂದು ಜನ ಹೇಳುತ್ತಾರೆ. ನನಗೆ ಏನೂ ಆಗಲಿಲ್ಲ. ಕೈಯಂತೆಯೇ ಇಡೀ ಮೈಯೂ ಜೋಮು ಹಿಡಿದಂತಿತ್ತು, ಬಹಳ ದಿನ ಹಾಗೇ ಇತ್ತು.

ಹೊರಗೆ ಬಂದಾಗ ಬೀರಪ್ಪ, "ಮಾತ್ರಿ ಕೊಟ್ರೇನವ್ವ? ಕೆಂಪು ಗುಳಿಗಿ ನುಂಗಿದ ದಿನ ಉಚ್ಚಿ ಕೆಂಪಾಕ್ಕತಿ, ರಕ್ತ ಅಂತ ಹೆದರಬ್ಯಾಡ. ನಾ ಹೆದರಿ ಕುರಿ ಬಿಟ್ಟು ಊರಿಗೆ ಓಡಿದ್ದೆ," ಎಂದ. ನನಗೆ ನಗು ಬಂತು. ಆ ದಿನ ನನ್ನ ಮೈಗೆ ತಿಳಿದದ್ದು ಅದೊಂದೇ. ಅವನು ತನ್ನ ಕಾಲು ತೋರಿಸಿದ. "ಮುಳ್ಳು ಚುಚ್ಚಿದ್ದು ಗೊತ್ತಾಗ್ಲಿಲ್ಲ, ಹುಳ ಬಿದ್ದು ಎರಡು ಹೋದವು. ಈಗ ಸಂಜಿ ಮುಂದ ಕುರಿ ಎಣಿಸಿ, ಆಮ್ಯಾಲ ಬೆರಳ ಎಣಿಸ್ತೀನಿ. ಒಡದ ಕನ್ನಡಿ ಚೂರು ಇಟ್ಕೊಂಡೀನಿ, ಅಂಗಾಲು ನೋಡಾಕ. ಅದಕ್ಕ ಬಾಯಿಲ್ಲಲ್ಲವ್ವ, ನಾವ ನೋಡಬೇಕು."

ಮನೆಯಲ್ಲಿ ಹೇಳಿದೆ. ಗಂಡ ಬೈಕು ಒರೆಸುತ್ತಿದ್ದವರು ಒರೆಸುತ್ತಲೇ ಉಳಿದರು. ಆಮೇಲೆ, "ಯಾರಿಗೂ ಹೇಳಬ್ಯಾಡ. ರೊಟ್ಟಿ ಯಾರೂ ತಗಳಂಗಿಲ್ಲ," ಎಂದರು. ಅತ್ತೆ ಮೊದಲು ನಕ್ಕರು, ನಂತರ ಸಿಟ್ಟಾದರು. "ಅಮ್ಮ ಕೊಟ್ಟದ್ದನ್ನ ದೊಡ್ಡರೋಗ ಅಂತಿಯಾ? ಅದಕ್ಕ ಗುಳಿಗಿ ನುಂಗ್ತಿಯಾ?" ಎಂದರು. ಮೂವರನ್ನೂ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದೆ, ಯಾರಿಗೂ ಏನೂ ಇರಲಿಲ್ಲ. ಮಾತ್ರೆ ಶುರುವಾದ ಮೇಲೆ ನನ್ನಿಂದ ಯಾರಿಗೂ ಅಂಟುವುದಿಲ್ಲ, ರೊಟ್ಟಿಯನ್ನೂ ಧಾರಾಳವಾಗಿ ಮಾಡಬಹುದು ಎಂದು ಡಾಕ್ಟರು ಹೇಳಿದ್ದರೂ ನಾನೇ ನನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡೆ. ಮೂರನೆಯ ದಿನ ಚೈತ್ರಾ ಬಂದವಳೇ ಆ ತಟ್ಟೆಗೆ ಅನ್ನ ಹಾಕಿಕೊಂಡು ಉಂಡಳು. ಮಗಳ ಮುಂದೆ ಅಳಬೇಕಿತ್ತು, ಆಗಲೂ ಬರಲಿಲ್ಲ. ತಟ್ಟೆ ಮಾತ್ರ ಉಳಿದ ತಟ್ಟೆಗಳ ಜೊತೆ ಸೇರಿತು.

ಇನ್ನು ನಾಚಿಕೆಯ ವಿಷಯ. ಮಾತ್ರೆ ಶುರುವಾದ ಮೇಲೂ ಆರು ಮಂಗಳವಾರ ನಾನು ಕರ್ಪೂರ ಹಿಡಿದೆ. ಗೊತ್ತಿದ್ದೂ ಹಿಡಿದೆ. ಬಿಟ್ಟರೆ ಯಾಕೆಂದು ಹೇಳಬೇಕಿತ್ತು. ಅಷ್ಟೇ ಅಲ್ಲ, ಆ ಒಂದು ತಾಸು ಹೋದರೆ ನನ್ನ ಹತ್ತಿರ ಉಳಿಯುವುದು ರೋಗ ಮಾತ್ರ ಎನ್ನಿಸುತ್ತಿತ್ತು. ಅದೇ ಮರಗಟ್ಟಿದ ಕೈ. ಮಂಗಳವಾರ ಅಮ್ಮನ ವರ, ಬುಧವಾರ ಕುಷ್ಠ. ಆರನೆಯ ವಾರ ಬೊಬ್ಬೆ ಒಡೆದು ಕೀವಾಯಿತು. ಕಿರುಬೆರಳು ಒಳಕ್ಕೆ ಮಡಚತೊಡಗಿತು.

ಡಾಕ್ಟರು ಗಾಯ ತೊಳೆದು ನೋಡಿದರು. "ಇದು ಮೂಳೆಗೆ ಇಳಿದರೆ ಬೆರಳು ತೆಗೀಬೇಕಾಗುತ್ತೆ. ಇನ್ನೊಂದು ಸಲ ಸುಟ್ಟುಕೊಂಡು ಬಂದರೆ ನಾನೇನೂ ಮಾಡೋಕಾಗಲ್ಲ," ಎಂದರು. ರೊಟ್ಟಿ ಬಡಿಯುವಾಗ ಸುತ್ತು ತಿರುಗಿಸುವುದು ಆ ಕಡೆಯ ಬೆರಳುಗಳೇ. ಅವು ಹೋದರೆ ಕಸುಬು ಹೋದಂತೆ. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಪಾತ್ರೆ ಅಂಗಡಿಯಲ್ಲಿ ರೊಟ್ಟಿ ತಿರುವಲು ಉದ್ದ ಹಿಡಿಯ ಚಿಮಟ ಕೊಂಡೆ.

ಅತ್ತೆ ಚಿಮಟ ನೋಡಿ ಮುಖ ತಿರುಗಿಸಿದರು. "ಇದೊಂದು ಬಾಕಿ ಇತ್ತು ನಮ್ಮ ಒಲಿಗೆ," ಎಂದರು. ಆದರೆ ನಾನು ಗಾಯಕ್ಕೆ ಬಟ್ಟೆ ಸುತ್ತಿಕೊಳ್ಳುವುದನ್ನು ನೋಡಿದ್ದರು. ಆ ಮಂಗಳವಾರ ಬಂದ ಹೆಂಗಸರಿಗೆ ಅವರೇ ಬಾಗಿಲಲ್ಲಿ ನಿಂತು, "ಕೊಟ್ರಿ ಒಂದು ವರ್ಷದ ವ್ರತ ಹಿಡದಾಳ. ಅಲ್ಲೀತನ ಕರ್ಪೂರ ಮುಟ್ಟಂಗಿಲ್ಲ," ಎಂದು ಹೇಳಿ ಕಳಿಸಿದರು. ಸುಳ್ಳಿಗೆ ಅತ್ತೆ ಎಂದೂ ಹೆಸರಾದವರಲ್ಲ, ಆದರೆ ಇದನ್ನು ಚೆನ್ನಾಗಿ ಹೇಳಿದರು. ಮಾತ್ರೆಯೂ ಒಂದು ವರ್ಷ, ವ್ರತವೂ ಒಂದು ವರ್ಷ.

ಆ ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಾತ್ರೆಗೆ ಮೈ ಕಪ್ಪಾಯಿತು. ಕೇಳಿದವರಿಗೆ ಒಲೆ ಮುಂದೆ ಕೂತು ಹೀಗಾಯಿತು ಎಂದೆ. ತಿಂಗಳಿಗೊಮ್ಮೆ ಎಚ್.ಬಿ. ಹಳ್ಳಿಗೆ ಹೋಗಿ ಬಂದೆ, ಬೀರಪ್ಪ ಸಿಕ್ಕರೆ ಅವನ ಬೆರಳಿನ ಲೆಕ್ಕ ಕೇಳಿದೆ. "ಎಂಟೂ ಅದಾವ," ಎನ್ನುತ್ತಿದ್ದ. ನಾನೂ ಪ್ರತಿದಿನ ಸಂಜೆ ಒಲೆ ಆರಿದ ಮೇಲೆ ಬಾಗಿಲ ಬೆಳಕಿಗೆ ಕೂತು ಬಲಗೈ ನೋಡಿಕೊಳ್ಳುತ್ತಿದ್ದೆ. ಅಂಗೈ, ಬೆರಳ ಸಂದು, ಉಗುರಿನ ಸುತ್ತ. ನಲವತ್ತೆರಡು ವರ್ಷ ಇದೇ ಕೈಯಲ್ಲಿ ದುಡಿದು ತಿಂದಿದ್ದೆ, ಒಂದು ದಿನವೂ ಅದನ್ನು ಹೀಗೆ ನೋಡಿರಲಿಲ್ಲ. ನಿಮ್ಮನ್ನು ನೀವು ಅರಿತುಕೊಳ್ಳಿ ಎಂದಿದ್ದ ಮೇಡಂ ನೆನಪಾಗುತ್ತಿದ್ದರು. ಅವರು ಕಣ್ಣು ಮುಚ್ಚಲು ಹೇಳಿದ್ದರು. ನನಗೆ ಕಣ್ಣು ತೆರೆದೇ ಅರಿಯಬೇಕಾಗಿತ್ತು.

ಕೆಲಸವೂ ಬದಲಾಯಿತು. ಬಲಗೈ ಹಂಚಿನಿಂದ ದೂರ ಉಳಿಯಬೇಕಾದ್ದರಿಂದ ಬೇಯಿಸಲು ಇಬ್ಬರು ಹೆಂಗಸರನ್ನು ಕರೆದುಕೊಂಡೆ, ಅವರಿಗೂ ಚಿಮಟ ಕೊಟ್ಟೆ. ನಾನು ಪಕ್ಕದಲ್ಲಿ ಕೂತು ಯಾವಾಗ ತಿರುವಬೇಕೆಂದು ಹೇಳುತ್ತಿದ್ದೆ. ಹಾಗೆ ಕೂತಾಗಲೇ ನನಗೆ ಗೊತ್ತಾದದ್ದು, ರೊಟ್ಟಿ ಬೆಂದದ್ದು ನನಗೆ ತಿಳಿಯುತ್ತಿದ್ದುದು ಕೈಯಿಂದಲ್ಲ. ವಾಸನೆ ಬದಲಾಗುತ್ತದೆ, ನೀರು ಸವರಿದ ಮೈ ಮಂಕಾಗುತ್ತದೆ, ಅಂಚು ಸಣ್ಣಗೆ ಸದ್ದು ಮಾಡುತ್ತದೆ. ಇಷ್ಟೆಲ್ಲ ಗೊತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಹೊಗಳುವವರು ಕೈಯನ್ನು ಹೊಗಳುತ್ತಿದ್ದರು, ನಾನೂ ನಂಬಿದ್ದೆ. ಎರಡಿದ್ದ ಒಲೆ ನಾಲ್ಕಾದವು. ಗಂಡ ಬೈಕಿಗೆ ಎರಡನೆಯ ಡಬ್ಬಿ ಕಟ್ಟಿದರು.

ಕೊನೆಯ ಮಾತ್ರೆ ನುಂಗಿದೆ. "ಗುಣ ಆಗಿದೀರಿ," ಎಂದು ಡಾಕ್ಟರು ಬರೆದುಕೊಟ್ಟರು. ಕೈ ಹಾಗೇ ಇತ್ತು, ಕಿರುಬೆರಳು ಸ್ವಲ್ಪ ಮಡಚಿಯೇ ಉಳಿಯಿತು. ಇದು ಇಷ್ಟೇ, ಇನ್ನು ಹೀಗೇ ಎಂದು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದೆಂದರೆ ದೊಡ್ಡ ಸಮಾಧಾನ ಏನಲ್ಲ, ಇಲ್ಲದ್ದನ್ನು ಕಾಯುವುದು ನಿಂತಿತು ಅಷ್ಟೇ.

ಆದರೆ ಓಣಿಯ ಹೆಂಗಸರು ಬೆರಳೆಣಿಸುತ್ತ ಕಾಯುತ್ತಿದ್ದರು. ವ್ರತ ಮುಗಿದ ಮೊದಲ ಮಂಗಳವಾರ ಪಡಸಾಲೆ ತುಂಬಿತು. ಅತ್ತೆ ಪೂಜೆ ಮುಗಿಸಿ ತಟ್ಟೆಯಲ್ಲಿ ಕರ್ಪೂರ ಇಟ್ಟರು. ನನ್ನನ್ನು ನೋಡಲಿಲ್ಲ. ಒಂದೇ ಒಂದು ಸಲ ಹಿಡಿದು, ವ್ರತದಲ್ಲಿ ಅಮ್ಮ ವಾಪಸ್ ತೆಗೆದುಕೊಂಡಳೆಂದು ಹೇಳಿ ಮುಗಿಸಿಬಿಡಲೇ ಎಂದು ಯೋಚಿಸಿದ್ದೆ. ಗಂಡನೂ ಅದನ್ನೇ ಹೇಳಿದ್ದರು.

ಆಗ ಹಿರೇಹಡಗಲಿಯಿಂದ ಬಂದಿದ್ದ ಒಬ್ಬಾಕೆ ತನ್ನ ಸೊಸೆಯನ್ನು ಮುಂದೆ ತಳ್ಳಿದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಹೆಸರು ಸವಿತಾ. "ನಮ್ಮ ಸೊಸಿಗೂ ನಿಮ್ಮಂಗ ಅಮ್ಮ ಒಲಿದಾಳ್ರಿ. ಕುದಿಯೋ ಪಾತ್ರಿ ಬರಿಗೈಲೆ ಇಳಸ್ತಾಳ. ನೀವೊಂದ್ಸಲ ಕೈ ಇಟ್ಟು ಹೌದು ಅಂದ್ರ ಮುಂದಿನ ವಾರದಿಂದ ನಮ್ಮನ್ಯಾಗೂ ಕರ್ಪೂರ ಹಿಡಸ್ತೀವಿ," ಎಂದಳು. ಹುಡುಗಿಯ ಕೈಯಲ್ಲಿ ಸುಟ್ಟ ಕಲೆಗಳಿದ್ದವು. ಅವಳು ನನ್ನನ್ನು ನೋಡಿ ನಾಚಿ ನಕ್ಕಳು. ಆ ನಗು ನನಗೆ ಗೊತ್ತಿತ್ತು. ಎಲ್ಲರೂ ನೋಡುವಾಗ ನಾನು ನಗುತ್ತಿದ್ದ ನಗು ಅದು.

ಒಂದು ವರ್ಷದಿಂದ ಏನೂ ಆಗದಿದ್ದ ನನಗೆ ಆಗ ಹೆದರಿಕೆಯಾಯಿತು. ನನಗಾಗಿ ಅಲ್ಲ, ಆ ಹತ್ತು ಬೆರಳಿಗಾಗಿ.

"ನಂಗ ಅಮ್ಮ ಒಲಿದಿದ್ದಿಲ್ರಿ," ಎಂದೆ. "ನಂಗ ಕುಷ್ಠ ಇತ್ತು. ಅದಕ್ಕ ಸುಡ್ತಿದ್ದಿಲ್ಲ. ವ್ರತ ಅಲ್ಲ, ಒಂದು ವರ್ಷ ಗುಳಿಗಿ ನುಂಗೀನಿ. ಈಗ ಇಲ್ಲ. ಆದ್ರ ಕೈ ಮೊದಲಿನಂಗ ಆಗ್ಲಿಲ್ಲ, ನೋಡ್ರಿ." ಮಡಚಿದ ಬೆರಳು ಎತ್ತಿ ಹಿಡಿದೆ.

ಪಕ್ಕದ ಮನೆಯಾಕೆ ತನ್ನ ಕೂಸನ್ನು ತೊಡೆಗೆ ಎಳೆದುಕೊಂಡಳು. ಇಬ್ಬರು ಎದ್ದು ಚಪ್ಪಲಿ ಹಾಕಿಕೊಂಡರು. ಹಿರೇಹಡಗಲಿಯಾಕೆ, "ಏನ್ ಮಾತು ಆಡ್ತೀರಿ, ನಮ್ಮ ಮನಿ ಸೊಸಿಗೆ?" ಎಂದು ಸಿಟ್ಟಾದಳು. ನಾನು ಚೈತ್ರಾಳ ಪುಸ್ತಕದ ಮೇಲಿದ್ದ ಪೆನ್ನು ತೆಗೆದುಕೊಂಡು ಹುಡುಗಿಯ ಮುಂದೆ ಕೂತೆ. "ಕಣ್ಣು ಮುಚ್ಚವ್ವ. ಮುಟ್ಟಿದಾಗ ಹ್ಞೂಂ ಅನ್ನು," ಎಂದೆ.

ಒಮ್ಮೆ ಮುಟ್ಟಿದೆ. ಎರಡು ಸಲ. ಮೂರು. ಹುಡುಗಿ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಯಾವಾಗ ಮುಟ್ತೀರಿ ಅಕ್ಕ?" ಎಂದಳು.

"ಕಣ್ಣು ತಗಿ," ಎಂದೆ.

ಅವಳು ನೀಲಿ ಚುಕ್ಕೆಗಳನ್ನು ನೋಡಿದಳು. ಇನ್ನೊಂದು ಕೈಯಿಂದ ಅವನ್ನು ಉಜ್ಜಿ, ಮತ್ತೆ ನೋಡಿದಳು. ಅವಳ ಅತ್ತೆಯ ಸಿಟ್ಟು ಎಲ್ಲಿ ಹೋಯಿತೋ, ಆಕೆ ಗೋಡೆಗೆ ಒರಗಿ ಕೂತುಬಿಟ್ಟಳು.

ಹಾಲಮ್ಮ ಇಷ್ಟು ಹೊತ್ತು ದೇವರ ಮುಂದಿನಿಂದ ಅಲುಗಿರಲಿಲ್ಲ. ಈಗ ತಟ್ಟೆಯಲ್ಲಿದ್ದ ಕರ್ಪೂರವನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಸೊಂಟ ಹಿಡಿದುಕೊಂಡು ಎದ್ದು ನನ್ನ ಪಕ್ಕಕ್ಕೆ ಬಂದರು. "ಎಚ್.ಬಿ. ಹಳ್ಳಿಗೆ ಇನ್ನೊಂದು ಬಸ್ಸೈತಿ. ಹುಡುಗೀನ ನೀನ ಕರ್ಕೊಂಡು ಹೋಗು, ಅವರಿಗೆ ಆಸ್ಪತ್ರಿ ದಾರಿ ಗೊತ್ತಾಗಂಗಿಲ್ಲ," ಎಂದರು. "ರೊಟ್ಟಿ ನಾ ನೋಡ್ಕೊಂತೀನಿ."

ನಾನು ಚಪ್ಪಲಿ ಹಾಕಿಕೊಂಡು ಹಿತ್ತಲ ಕಡೆ ನೋಡಿದಾಗ ಅತ್ತೆ ಒಲೆ ಮುಂದೆ ಕೂತಿದ್ದರು. ಹಂಚಿನ ಮೇಲೆ ರೊಟ್ಟಿ ಇತ್ತು. ಅಭ್ಯಾಸಬಲಕ್ಕೆ ಬರಿಗೈ ಚಾಚಿದವರು ಅದನ್ನು ಹಿಂದಕ್ಕೆ ತೆಗೆದುಕೊಂಡು, ಪಕ್ಕದಲ್ಲಿದ್ದ ಚಿಮಟ ಎತ್ತಿಕೊಂಡರು.